ದೃಷ್ಟಿಹೀನರ ಸಮನ್ವಯ ಶಿಕ್ಷಣ

ಕಣ್ಣಿಲ್ಲದ ಮಗುವು ಕಣ್ಣುಳ್ಳ ಮಕ್ಕಳೊಡನೆ ಒಂದೇ ಶಾಲೆಯಲ್ಲಿ, ಒಬ್ಬರೇ ಗುರುಗಳ ಬಳಿ ವಿದ್ಯೆ ಕಲಿಯುವುದಕ್ಕೆ ಸಮನ್ವಯ ಶಿಕ್ಷಣವೆಂದು ಹೆಸರು. ಮೇಲುನೋಟಕ್ಕೆ ಇದು ಸುಲಭವಾದ ಮಾತು. ಮಗುವನ್ನು ಊರಿನ ಶಾಲೆಗೆ ಸೇರಿಸಿಕೊಂಡು ಹಾಜರಿ ಪುಸ್ತಕದಲ್ಲಿ ಹೆಸರು ಬರೆದೊಡನೆ ಕಾರ್ಯವು ಮುಗಿಯಿತೆಂದು ಬಗೆಯುವವರು ಬಹುಮಂದಿ. ಆದರೆ ೨೦೧೬ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಈ ಪದಕ್ಕೆ ಕೊಟ್ಟಿರುವ ನಿರೂಪಣೆಯನ್ನು ಸಾವಧಾನವಾಗಿ ಓದಿದರೆ ಅದರಲ್ಲಿ ಎರಡು ಅಂಗಗಳಿರುವುದು ತಿಳಿದುಬರುತ್ತದೆ. ವೈಕಲ್ಯವುಳ್ಳವರೂ ಇಲ್ಲದವರೂ ಕೂಡಿ ಕಲಿಯುವುದು ಮೊದಲನೆಯ ಅಂಗ. ಕಲಿಸುವ ಮತ್ತು ಕಲಿಯುವ ಕ್ರಮವೇ ಅಂಥ ವಿದ್ಯಾರ್ಥಿಗಳ ಅಗತ್ಯಕ್ಕೆ ಅನುಗುಣವಾಗಿ ಮಾರ್ಪಡುವುದು ಎರಡನೆಯ ಅಂಗ. ಮೊದಲನೆಯದಕ್ಕೆ ಒಂದು ಮಣೆಯಷ್ಟು ಸ್ಥಳ ಸಾಕು. ಎರಡನೆಯದಕ್ಕೆ ಗುರುವಿನ ಅಭ್ಯಾಸ, ಪುಸ್ತಕದ ರೂಪ, ಪರೀಕ್ಷೆಯ ವಿಧಾನ ಇವೆಲ್ಲವೂ ಬದಲಾಗಬೇಕಾಗುತ್ತದೆ. ಎರಡನೆಯ ಅಂಗವಿಲ್ಲದಿದ್ದರೆ ಅಲ್ಲಿರುವುದು ಸಹವಾಸವೇ ಹೊರತು ಶಿಕ್ಷಣವಲ್ಲ.

೨೦೧೧ರ ಜನಗಣತಿಯಂತೆ ಭಾರತದಲ್ಲಿ ದೃಷ್ಟಿಸಂಬಂಧವಾದ ವೈಕಲ್ಯವುಳ್ಳವರ ಸಂಖ್ಯೆ ೫೦ ಲಕ್ಷಕ್ಕೂ ಮಿಕ್ಕಿದುದು. ಇವರಲ್ಲಿ ಮಕ್ಕಳಾಗಿರುವವರಿಗೆಲ್ಲ ಶಾಲೆಯ ಬಾಗಿಲು ಇಂದು ಕಾನೂನಿನ ಪ್ರಕಾರ ತೆರೆದಿದೆ. ತೆರೆದ ಬಾಗಿಲಿನೊಳಗೆ ಅವರಿಗೆ ದೊರೆಯುವುದೇನು ಎಂಬುದೇ ಈಗ ವಿಚಾರಿಸತಕ್ಕ ವಿಷಯ.

ಒಂದು ಹಳ್ಳಿಶಾಲೆಯ ಪಾಠ

ಅಂಧರ ಲಿಪಿಗೆ ತನ್ನ ಹೆಸರನ್ನೇ ಕೊಟ್ಟ ಲೂಯಿ ಬ್ರೈಲ್‌ನ ಬಾಲ್ಯದಲ್ಲಿಯೇ ಈ ಪ್ರಶ್ನೆಯ ಎರಡು ಮುಖಗಳೂ ಕಾಣಿಸುತ್ತವೆ. ಆತನು ೧೮೦೯ರ ಜನವರಿ ೪ರಂದು ಪ್ಯಾರಿಸ್ಸಿನ ಸಮೀಪದ ಕೂವ್ರೇ ಎಂಬ ಹಳ್ಳಿಯಲ್ಲಿ ಜನಿಸಿದನು. ತಂದೆಯದು ಕುದುರೆಯ ಜೀನು ಹೊಲಿಯುವ ವೃತ್ತಿ. ಮೂರನೆಯ ವಯಸ್ಸಿನಲ್ಲಿ ತಂದೆಯ ಚರ್ಮ ಚುಚ್ಚುವ ಮೊನೆಯಿಂದ ಕಣ್ಣಿಗೆ ಗಾಯವಾಗಿ, ನಂಜು ಇನ್ನೊಂದು ಕಣ್ಣಿಗೂ ಏರಿ, ಬಾಲಕನು ಪೂರ್ಣವಾಗಿ ಅಂಧನಾದನು. ಆದರೂ ಊರಿನ ಪಾದ್ರಿಯೂ ಶಾಲೆಯ ಉಪಾಧ್ಯಾಯನೂ ಅವನನ್ನು ಕೈಬಿಡಲಿಲ್ಲ. ಅವನು ಹಳ್ಳಿಯ ಸಾಮಾನ್ಯ ಶಾಲೆಯಲ್ಲಿ ಕಣ್ಣುಳ್ಳ ಮಕ್ಕಳ ನಡುವೆಯೇ ಕುಳಿತು ಪಾಠ ಕೇಳಿದನು. ಕಿವಿಯಿಂದ ಕಲಿಯಬಹುದಾದುದನ್ನೆಲ್ಲ ಚೆನ್ನಾಗಿ ಕಲಿತನು. ಆದರೆ ಉಳಿದ ಮಕ್ಕಳು ಪುಸ್ತಕ ತೆರೆದಾಗ, ಹಲಗೆಯ ಮೇಲೆ ಬರೆದಾಗ, ಅವನ ಕೈ ಸುಮ್ಮನಿರಬೇಕಾಗಿತ್ತು. ಶಾಲೆಯಲ್ಲಿ ಅವನಿಗೆ ಸ್ಥಳವಿತ್ತು, ಪ್ರೀತಿಯೂ ಇತ್ತು, ಅಕ್ಷರವಿರಲಿಲ್ಲ.

ಆದಕಾರಣ ೧೮೧೯ರಲ್ಲಿ, ಹತ್ತನೆಯ ವಯಸ್ಸಿನಲ್ಲಿ, ಆತನನ್ನು ಪ್ಯಾರಿಸ್ಸಿನ ಅಂಧಬಾಲಕರ ವಿದ್ಯಾಲಯಕ್ಕೆ ಕಳುಹಿಸಲಾಯಿತು. ವಾಲೆಂತಿನ್ ಹಾಯ್ ಎಂಬ ಮಹನೀಯನು ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಸ್ಥಾಪಿಸಿದ ಈ ಸಂಸ್ಥೆಯಲ್ಲಿ, ಸಾಮಾನ್ಯ ಅಕ್ಷರಗಳನ್ನೇ ದಪ್ಪ ಕಾಗದದ ಮೇಲೆ ಉಬ್ಬಿಸಿ ಮುದ್ರಿಸಿದ ಗ್ರಂಥಗಳಿದ್ದವು. ಬೆರಳಿನಿಂದ ಅವನ್ನು ಓದಬಹುದಾಗಿತ್ತು. ಆದರೆ ಅದು ಅತ್ಯಂತ ನಿಧಾನವಾದ ಓದು. ವಿದ್ಯಾರ್ಥಿಯು ತಾನೇ ಬರೆಯುವುದಂತೂ ಸಾಧ್ಯವಿರಲಿಲ್ಲ. ಕಣ್ಣಿಗಾಗಿ ರೂಪುಗೊಂಡ ಅಕ್ಷರದ ಆಕಾರವನ್ನು ಬೆರಳಿನ ಮೇಲೆ ಹೇರಿದುದೇ ಅಲ್ಲಿಯ ದೋಷ.

ಸೈನ್ಯದಿಂದ ನಿವೃತ್ತನಾದ ಶಾರ್ಲ್ ಬಾರ್ಬಿಯೇ ಎಂಬಾತನು ಹನ್ನೆರಡು ಚುಕ್ಕೆಗಳ ಬರಹವೊಂದನ್ನು ಆ ವಿದ್ಯಾಲಯಕ್ಕೆ ತಂದನು. ಬ್ರೈಲನು ಅದರಿಂದ ಚುಕ್ಕೆಯ ತತ್ತ್ವವನ್ನು ಗ್ರಹಿಸಿ, ಬೆರಳ ತುದಿಯೊಂದರ ಸ್ಪರ್ಶಕ್ಕೆ ಒಮ್ಮೆಗೇ ಸಿಕ್ಕುವಂತೆ ಆರು ಚುಕ್ಕೆಗಳಿಗೆ ಇಳಿಸಿದನು. ೧೮೨೪ರಲ್ಲಿ, ಆತನಿಗೆ ಹದಿನೈದು ವರ್ಷವಾಗಿದ್ದಾಗ, ಈ ಲಿಪಿಯು ಸಿದ್ಧವಾಯಿತು, ೧೮೨೯ರಲ್ಲಿ ಮುದ್ರಣಗೊಂಡಿತು. ವಿದ್ಯಾರ್ಥಿಗಳು ಇದನ್ನು ಸಂತೋಷದಿಂದ ಸ್ವೀಕರಿಸಿದರು. ಆದರೆ ಕಣ್ಣುಳ್ಳ ಅಧಿಕಾರಿಗಳಿಗೆ ತಾವು ನೋಡಿ ಓದಲಾಗದ ಲಿಪಿಯ ವಿಷಯದಲ್ಲಿ ಸಂಶಯವಿತ್ತು. ೧೮೫೨ರಲ್ಲಿ ಬ್ರೈಲನು ತೀರಿಕೊಂಡ ಎರಡು ವರ್ಷಗಳ ತರುವಾಯ, ೧೮೫೪ರಲ್ಲಿ, ಅದಕ್ಕೆ ಅವನದೇ ವಿದ್ಯಾಲಯದ ಅಧಿಕೃತ ಮನ್ನಣೆ ದೊರೆಯಿತು.

ಈ ಚರಿತ್ರೆಯಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಒಳ್ಳೆಯ ಮನಸ್ಸಿನ ಸಾಮಾನ್ಯ ಶಾಲೆಯೂ ಲಿಪಿಯಿಲ್ಲದೆ ಅಂಧ ಬಾಲಕನಿಗೆ ಪೂರ್ಣ ವಿದ್ಯೆಯನ್ನು ಕೊಡಲಾರದು. ಅಂಧರಿಗಾಗಿಯೇ ಇರುವ ವಿಶೇಷ ಶಾಲೆಯೂ ಕಣ್ಣುಳ್ಳವರ ಅನುಕೂಲವನ್ನೇ ಪ್ರಮಾಣವಾಗಿಟ್ಟುಕೊಂಡರೆ ಅದೇ ತಪ್ಪನ್ನು ಮಾಡುತ್ತದೆ.

ಕನ್ನಡವು ಬೆರಳಿಗೆ ಬಂದ ಬಗೆ

ಭಾರತದಲ್ಲಿ ಅಂಧರ ಮೊದಲ ಶಾಲೆಯು ೧೮೮೭ರಲ್ಲಿ ಅಮೃತಸರದಲ್ಲಿ ಆ್ಯನಿ ಶಾರ್ಪ್ ಎಂಬ ಮಹಿಳೆಯಿಂದ ಆರಂಭವಾಯಿತು. ಮೈಸೂರಿನಲ್ಲಿ ೧೯೦೧ರಲ್ಲಿಯೇ ಕಿವುಡ ಮತ್ತು ಅಂಧ ಮಕ್ಕಳ ಶಾಲೆಯು ಸ್ಥಾಪಿತವಾದುದು ಕನ್ನಡನಾಡಿಗೆ ಹೆಮ್ಮೆಯ ಸಂಗತಿ. ಆದರೆ ಆ ಕಾಲದಲ್ಲಿ ದೇಶದ ನಾನಾ ಭಾಗಗಳಲ್ಲಿ ಬೇರೆ ಬೇರೆ ಬ್ರೈಲ್ ಪದ್ಧತಿಗಳಿದ್ದವು. ಒಂದು ಪ್ರಾಂತದಲ್ಲಿ ಅಚ್ಚಾದ ಪುಸ್ತಕವು ಇನ್ನೊಂದು ಪ್ರಾಂತದ ಅಂಧನಿಗೆ ನಿರುಪಯುಕ್ತವಾಗಿತ್ತು. ಯುನೆಸ್ಕೋ ಸಂಸ್ಥೆಯ ಆಶ್ರಯದಲ್ಲಿ ನಡೆದ ಸಮಾಲೋಚನೆಗಳ ಫಲವಾಗಿ ೧೯೫೧ರಲ್ಲಿ ಭಾರತೀಯ ಭಾಷೆಗಳಿಗೆಲ್ಲ ಸಮಾನವಾದ ಭಾರತೀ ಬ್ರೈಲ್ ರೂಪುಗೊಂಡಿತು.

ಈ ಲಿಪಿಯ ರಚನೆಯನ್ನು ವಾಚಕರು ಸ್ವಲ್ಪ ತಿಳಿಯುವುದು ಉಚಿತ. ಎರಡು ಸಾಲುಗಳಲ್ಲಿ ಮೂರು ಮೂರರಂತೆ ಆರು ಚುಕ್ಕೆಗಳ ಸ್ಥಾನಗಳು. ಎಡಸಾಲಿನಲ್ಲಿ ಮೇಲಿನಿಂದ ಕೆಳಕ್ಕೆ ೧, ೨, ೩. ಬಲಸಾಲಿನಲ್ಲಿ ೪, ೫, ೬. ಇವುಗಳಲ್ಲಿ ಕೆಲವನ್ನು ಉಬ್ಬಿಸಿ ಕೆಲವನ್ನು ಬಿಡುವುದರಿಂದ ಒಟ್ಟು ೬೩ ಸಂಕೇತಗಳಾಗುತ್ತವೆ. ಒಂದನೆಯ ಚುಕ್ಕೆಯೊಂದೇ ಇದ್ದರೆ ಅದು ಅಕಾರ. ೧ ಮತ್ತು ೩ ಸೇರಿದರೆ ಕಕಾರ. ೧, ೨, ೩ ಸೇರಿದರೆ ಲಕಾರ. ಕನ್ನಡದ ಬರಹದಲ್ಲಿ ಸ್ವರಚಿಹ್ನೆಗಳು ವ್ಯಂಜನದ ಮೇಲೆ, ಪಕ್ಕದಲ್ಲಿ, ಕೆಳಗೆ ಅಂಟಿಕೊಳ್ಳುತ್ತವೆ. ಒತ್ತಕ್ಷರವು ಅಡಿಗೆ ಇಳಿಯುತ್ತದೆ. ಬ್ರೈಲಿನಲ್ಲಿ ಹಾಗಿಲ್ಲ. ವ್ಯಂಜನದ ಮುಂದೆ ಸ್ವರವು ತನ್ನ ಪೂರ್ಣರೂಪದಲ್ಲಿಯೇ ಸಾಲಾಗಿ ನಿಲ್ಲುತ್ತದೆ. ‘ಕಲಿ’ ಎಂಬ ಪದವು ಕಕಾರ, ಲಕಾರ, ಇಕಾರಗಳೆಂಬ ಮೂರು ಕೋಶಗಳಾಗುತ್ತದೆ. ಸಂಯುಕ್ತಾಕ್ಷರವಾದರೆ ೪ನೆಯ ಚುಕ್ಕೆಯೊಂದು ಮುಂಚಿತವಾಗಿ ಬಂದು, ಅದರ ಮುಂದಿನ ವ್ಯಂಜನಕ್ಕೆ ಸ್ವರವಿಲ್ಲವೆಂದು ಸೂಚಿಸುತ್ತದೆ. ಲಿಪಿಯು ಆಕಾರವನ್ನು ಬಿಟ್ಟು ಧ್ವನಿಯನ್ನೇ ಅನುಸರಿಸುವುದರಿಂದ ಕನ್ನಡದ ಕಕಾರವೂ ಹಿಂದಿಯ ಕಕಾರವೂ ತೆಲುಗಿನ ಕಕಾರವೂ ಒಂದೇ. ಕಣ್ಣುಳ್ಳವನು ಹೊಸ ಭಾಷೆಗೆ ಹೊಸ ಲಿಪಿಯನ್ನು ಕಲಿಯಬೇಕು; ಬ್ರೈಲ್ ಬಲ್ಲ ಕನ್ನಡಿಗನು ಬಹುಪಾಲು ಕಲಿತೇ ಇರುತ್ತಾನೆ.

ಬರೆಯುವ ಸಾಧನವೂ ಸರಳವಾದುದೇ. ಒಂದು ಪಟ್ಟಿಕೆ, ಒಂದು ಮೊನೆ, ಒಂದು ದಪ್ಪ ಹಾಳೆ. ಹಾಳೆಯ ಹಿಂಬದಿಯಿಂದ ಒತ್ತಬೇಕಾದುದರಿಂದ ಬಲದಿಂದ ಎಡಕ್ಕೆ ಬರೆದು, ಹಾಳೆಯನ್ನು ತಿರುಗಿಸಿ ಎಡದಿಂದ ಬಲಕ್ಕೆ ಓದುವರು. ಆಸಕ್ತಿಯುಳ್ಳ ಉಪಾಧ್ಯಾಯನೊಬ್ಬನು ಕೆಲವು ವಾರಗಳ ಅಭ್ಯಾಸದಿಂದ ಇದನ್ನು ಕಣ್ಣಿನಿಂದಲೇ ಓದುವಷ್ಟು ಬಲ್ಲವನಾಗಬಹುದು.

ಗದಗಿನ ನಿದರ್ಶನ

ಅಂಧರೂ ಕಣ್ಣುಳ್ಳವರೂ ಒಂದೆಡೆ ಕಲಿಯುವುದು ಪಾಶ್ಚಾತ್ಯರಿಂದ ಬಂದ ಹೊಸ ಕಲ್ಪನೆಯೆಂದು ಭಾವಿಸಬೇಕಾಗಿಲ್ಲ. ಹಾನಗಲ್ಲ ಕುಮಾರ ಶಿವಯೋಗಿಗಳ ಆಶ್ರಯದಲ್ಲಿ ಬೆಳೆದ ಪಂಚಾಕ್ಷರ ಗವಾಯಿಗಳು (೧೮೯೨–೧೯೪೪) ಹುಟ್ಟಂಧರು. ಹಿಂದುಸ್ತಾನೀ ಮತ್ತು ಕರ್ನಾಟಕ ಪದ್ಧತಿಗಳೆರಡರಲ್ಲಿಯೂ ಪಾರಂಗತರಾದ ಅವರು ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವನ್ನು ಸ್ಥಾಪಿಸಿ ಅನಾಥರಿಗೂ ಅಂಧರಿಗೂ ಅನ್ನವನ್ನೂ ವಿದ್ಯೆಯನ್ನೂ ಕೊಟ್ಟರು. ಅವರ ತರುವಾಯ ಶೈಶವದಲ್ಲಿಯೇ ದೃಷ್ಟಿ ಕಳೆದುಕೊಂಡಿದ್ದ ಪುಟ್ಟರಾಜ ಗವಾಯಿಗಳು (೧೯೧೪–೨೦೧೦) ಆ ಪರಂಪರೆಯನ್ನು ಮುನ್ನಡೆಸಿದರು. ಕನ್ನಡ, ಸಂಸ್ಕೃತ, ಹಿಂದೀ ಭಾಷೆಗಳಲ್ಲಿ ಗ್ರಂಥಗಳನ್ನು ರಚಿಸಿದರು. ೨೦೧೦ರಲ್ಲಿ ಪದ್ಮಭೂಷಣ ಗೌರವಕ್ಕೆ ಪಾತ್ರರಾದರು. ಇಲ್ಲಿ ಗಮನಿಸತಕ್ಕ ವಿಶೇಷವೆಂದರೆ, ಆ ಗುರುಗಳ ಬಳಿ ಕಲಿತವರೆಲ್ಲ ಅಂಧರಲ್ಲ. ಪಂಚಾಕ್ಷರ ಗವಾಯಿಗಳ ಶಿಷ್ಯರಾದ ಬಸವರಾಜ ರಾಜಗುರುಗಳೂ, ಪುಟ್ಟರಾಜ ಗವಾಯಿಗಳ ಬಳಿ ವರ್ಷಗಟ್ಟಲೆ ಆಶ್ರಮದಲ್ಲಿದ್ದು ಕಲಿತ ವೆಂಕಟೇಶ ಕುಮಾರರೂ ಕಣ್ಣುಳ್ಳವರು. ಕಣ್ಣುಳ್ಳ ಶಿಷ್ಯನು ಅಂಧ ಗುರುವಿನ ಪದತಲದಲ್ಲಿ ಅಂಧ ಸಹಪಾಠಿಯೊಡನೆ ಕುಳಿತು ಕಲಿತನು. ಯಾರೂ ಯಾರಿಗೂ ದಯೆ ತೋರಿಸಬೇಕಾಗಿರಲಿಲ್ಲ.

ಅಲ್ಲಿ ಇದು ಅನಾಯಾಸವಾಗಿ ಸಾಧ್ಯವಾದುದಕ್ಕೆ ಕಾರಣವುಂಟು. ಸಂಗೀತದ ಪಾಠವು ಗುರುವಿನ ಕಂಠದಿಂದ ಶಿಷ್ಯನ ಕಿವಿಗೆ ಹೋಗುತ್ತದೆ. ಕಲಿಕೆಯ ಮಾಧ್ಯಮವು ಇಬ್ಬರಿಗೂ ಸಮಾನವಾಗಿರುವಲ್ಲಿ ವೈಕಲ್ಯವು ಅಡ್ಡಬರುವುದಿಲ್ಲ. ಸಾಮಾನ್ಯ ಶಾಲೆಯ ಮಾಧ್ಯಮವಾದರೋ ಕಪ್ಪುಹಲಗೆ, ಚಿತ್ರ, ನಕಾಶೆ, ಮುದ್ರಿತ ಪುಸ್ತಕ. ಆದುದರಿಂದ ಅಲ್ಲಿ ತೊಡಕಾಗಿರುವುದು ಬಾಲಕನ ಕಣ್ಣಿಗಿಂತ ಹೆಚ್ಚಾಗಿ ಪಾಠದ ಮಾಧ್ಯಮವೆಂದು ಹೇಳಬೇಕಾಗುತ್ತದೆ. ಮಾಧ್ಯಮವನ್ನು ಬದಲಿಸುವುದು ಮನುಷ್ಯಪ್ರಯತ್ನಕ್ಕೆ ಸಾಧ್ಯವಾದ ಕೆಲಸ.

ಗದಗಿನ ನಿದರ್ಶನದಿಂದ ಒಂದು ತಪ್ಪು ತೀರ್ಮಾನಕ್ಕೂ ಎಡೆಯಾಗಬಾರದು. ಅಂಧರಿಗೆ ಸಂಗೀತವೇ ಸರಿ, ಬೆತ್ತದ ಕುರ್ಚಿ ಹೆಣೆಯುವುದೇ ಸರಿ ಎಂಬ ರೂಢಿಯ ನಂಬಿಕೆಯು ಎಷ್ಟೋ ಮಕ್ಕಳ ದಾರಿಯನ್ನು ಕಟ್ಟಿಹಾಕಿದೆ. ಕಣ್ಣುಳ್ಳವರೆಲ್ಲ ಹೇಗೆ ಗಾಯಕರಲ್ಲವೋ ಹಾಗೆಯೇ ಅಂಧರೆಲ್ಲರೂ ಗಾಯಕರಲ್ಲ. ಗಣಿತದಲ್ಲಿ, ವಿಜ್ಞಾನದಲ್ಲಿ, ಶಾಸ್ತ್ರದಲ್ಲಿ ಮನಸ್ಸುಳ್ಳವನಿಗೆ ಅದೇ ದೊರೆಯಬೇಕು. ಕಾಯಕವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿಲ್ಲದವನಿಗೆ ಕಾಯಕದ ಮಹಿಮೆಯನ್ನು ಬೋಧಿಸುವುದು ಶೋಭಿಸದು.

ಶಾಸನಗಳು ನಡೆದುಬಂದ ದಾರಿ

ಭಾರತ ಸರ್ಕಾರವು ೧೯೭೪ರಲ್ಲಿ ವಿಕಲ ಮಕ್ಕಳನ್ನು ಸಾಮಾನ್ಯ ಶಾಲೆಗಳಿಗೆ ಸೇರಿಸುವ ಯೋಜನೆಯೊಂದನ್ನು ಆರಂಭಿಸಿತು. ೧೯೮೬ರ ರಾಷ್ಟ್ರೀಯ ಶಿಕ್ಷಣ ನೀತಿಯೂ ೧೯೯೫ರ ಅಧಿನಿಯಮವೂ ಅದೇ ದಿಕ್ಕಿನಲ್ಲಿ ಸಾಗಿದವು. ೨೦೦೭ರಲ್ಲಿ ಭಾರತವು ವಿಕಲಚೇತನರ ಹಕ್ಕುಗಳ ಅಂತಾರಾಷ್ಟ್ರೀಯ ಒಡಂಬಡಿಕೆಯನ್ನು ಅನುಮೋದಿಸಿತು. ೨೦೧೬ರ ಅಧಿನಿಯಮವು ಹಿಂದಿನದರ ಸ್ಥಾನದಲ್ಲಿ ಬಂದು, ೨೦೧೭ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಗೊತ್ತುಪಡಿಸಿದ ಪ್ರಮಾಣದ ವೈಕಲ್ಯವುಳ್ಳ ೬ರಿಂದ ೧೮ ವರ್ಷದ ಮಗುವಿಗೆ ಇದರಂತೆ ನೆರೆಯ ಶಾಲೆಯಲ್ಲಾಗಲಿ, ತಾನು ಬಯಸಿದ ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಕಲಿಯುವ ಹಕ್ಕುಂಟು. ಬ್ರೈಲ್ ಬಲ್ಲ ಉಪಾಧ್ಯಾಯರನ್ನು ನೇಮಿಸುವ, ಪುಸ್ತಕ ಮತ್ತು ಸಾಧನಗಳನ್ನು ಉಚಿತವಾಗಿ ಒದಗಿಸುವ ಹೊಣೆಯನ್ನೂ ಅದು ಸರ್ಕಾರಗಳ ಮೇಲೆ ಇರಿಸಿದೆ.

ಆಯ್ಕೆಯನ್ನು ಮಗುವಿಗೆ ಬಿಟ್ಟಿರುವುದು ವಿವೇಕದ ಮಾತು. ವಿಶೇಷ ಶಾಲೆ ಮೇಲೋ ಸಾಮಾನ್ಯ ಶಾಲೆ ಮೇಲೋ ಎಂಬ ವಾದವು ಬಹುಕಾಲದಿಂದ ನಡೆದಿದೆ. ವಿಶೇಷ ಶಾಲೆಯಲ್ಲಿ ಬ್ರೈಲ್, ಕೋಲು ಹಿಡಿದು ಸ್ವತಂತ್ರವಾಗಿ ನಡೆಯುವ ಕ್ರಮ, ಗಣಿತದ ಸಾಧನಗಳು ಚೆನ್ನಾಗಿ ದೊರೆಯುತ್ತವೆ. ಆದರೆ ಮಗು ತಾಯಿತಂದೆಯರನ್ನೂ ಊರನ್ನೂ ಬಿಟ್ಟು ದೂರದ ವಸತಿನಿಲಯದಲ್ಲಿ ಬೆಳೆಯಬೇಕು. ಊರಿನ ಶಾಲೆಯಲ್ಲಿ ಮನೆಯ ಮಡಿಲೂ ನೆರೆಯ ಮಕ್ಕಳ ಸ್ನೇಹವೂ ಉಂಟು. ಆದರೆ ಬ್ರೈಲ್ ಬಲ್ಲವರು ಇರುವುದು ವಿರಳ. ಸಂಚಾರೀ ವಿಶೇಷ ಶಿಕ್ಷಕರೊಬ್ಬರು ಹಲವು ಶಾಲೆಗಳನ್ನು ನೋಡಿಕೊಳ್ಳಬೇಕಾದಲ್ಲಿ ಒಂದು ಮಗುವಿಗೆ ದೊರೆಯುವ ಸಮಯ ಅತ್ಯಲ್ಪ. ಆದಕಾರಣ ಮೊದಲ ಕೆಲವು ವರ್ಷ ಲಿಪಿಯನ್ನೂ ನಡೆಯನ್ನೂ ದೃಢಪಡಿಸಿಕೊಂಡು ಅನಂತರ ಸಾಮಾನ್ಯ ಶಾಲೆಗೆ ಬರುವುದು ಹಲವರಿಗೆ ಹಿತವಾಗಬಹುದು. ಅಂಧಶಾಲೆಗಳು ಸುತ್ತಲಿನ ಸಾಮಾನ್ಯ ಶಾಲೆಗಳಿಗೆ ಪುಸ್ತಕವನ್ನೂ ತರಬೇತಿಯನ್ನೂ ಒದಗಿಸುವ ಕೇಂದ್ರಗಳಾದರೆ ಎರಡೂ ಪಕ್ಷಗಳ ಗುಣವು ಒಂದಾಗುತ್ತದೆ.

ತರಗತಿಯೊಳಗೆ

ಗಣಿತದ ಉಪಾಧ್ಯಾಯರು ಹಲಗೆಯ ಕಡೆಗೆ ಬೆರಳು ತೋರಿಸಿ, ‘ಇದರಲ್ಲಿ ಇದನ್ನು ಕಳೆದರೆ ಇದು ಬರುತ್ತದೆ’ ಎನ್ನುವುದು ವಾಡಿಕೆ. ಕಣ್ಣುಳ್ಳ ಮಕ್ಕಳಿಗೆ ಈ ವಾಕ್ಯವು ಪೂರ್ಣ. ಅಂಧ ಬಾಲಕನಿಗೆ ಅದರಲ್ಲಿ ಒಂದು ಅಂಕೆಯೂ ಇಲ್ಲ. ಅದನ್ನೇ ‘ಎಂಬತ್ತಮೂರರಲ್ಲಿ ನಲವತ್ತೇಳನ್ನು ಕಳೆದರೆ ಮೂವತ್ತಾರು’ ಎಂದು ನುಡಿದರೆ ಪಾಠವು ಅವನಿಗೂ ತಲುಪುತ್ತದೆ. ಹಿಂದಿನ ಮಣೆಯಲ್ಲಿ ಹಲಗೆ ಕಾಣದೆ ಕುಳಿತಿರುವ ಮಗುವಿಗೂ ಅದರಿಂದ ಲಾಭ. ಬರೆಯುವುದನ್ನೆಲ್ಲ ನುಡಿಯುತ್ತ ಬರೆಯಬೇಕೆಂಬ ಈ ಒಂದು ನಿಯಮಕ್ಕೆ ಹಣವೂ ಬೇಡ, ಸರ್ಕಾರದ ಆಜ್ಞೆಯೂ ಬೇಡ.

ಲೆಕ್ಕ ಮಾಡಲು ಟೇಲರ್ ಚೌಕಟ್ಟೆಂಬ ಸಾಧನವಿದೆ. ಅದರ ರಂಧ್ರಗಳಲ್ಲಿ ನಿಲ್ಲಿಸುವ ಮೊಳೆಯ ದಿಕ್ಕನ್ನು ಬೆರಳಿನಿಂದ ತಡವಿ ಅಂಕೆಯನ್ನು ತಿಳಿಯುವರು. ಮಣಿಚೌಕಟ್ಟೂ ಉಪಯುಕ್ತವಾದುದು. ರೇಖಾಗಣಿತದ ತ್ರಿಕೋನವನ್ನು ರಟ್ಟಿನ ಮೇಲೆ ದಾರ ಅಂಟಿಸಿ ಮಾಡಬಹುದು. ಕರ್ನಾಟಕದ ನಕಾಶೆಯಲ್ಲಿ ಕೃಷ್ಣೆ, ಕಾವೇರಿಗಳಿಗೆ ನೂಲು, ಸಹ್ಯಾದ್ರಿಗೆ ಒರಟು ಬಟ್ಟೆ, ಊರುಗಳಿಗೆ ಬೀಜಗಳನ್ನು ಅಂಟಿಸಿದರೆ ಬೆರಳು ನಾಡನ್ನು ಸುತ್ತಿಬರುತ್ತದೆ. ಅಂಥ ನಕಾಶೆಯನ್ನು ಸಹಪಾಠಿಗಳೇ ಸಿದ್ಧಪಡಿಸಿದರೆ ಭೂಗೋಳವು ಅವರಿಗೂ ಚೆನ್ನಾಗಿ ನೆಲೆನಿಲ್ಲುತ್ತದೆ.

ಸಾಧನಗಳಿದ್ದರೂ ನಂಬಿಕೆಯಿಲ್ಲದಿದ್ದರೆ ಪ್ರಯೋಜನವಿಲ್ಲ. ಆಂಧ್ರಪ್ರದೇಶದ ಗ್ರಾಮವೊಂದರಲ್ಲಿ ಜನಿಸಿದ ಹುಟ್ಟಂಧರಾದ ಶ್ರೀಕಾಂತ್ ಬೊಲ್ಲಾ ಅವರು ಹತ್ತನೆಯ ತರಗತಿಯ ನಂತರ ವಿಜ್ಞಾನವನ್ನು ಓದಬಯಸಿದಾಗ ನಿಯಮವು ಅಡ್ಡಬಂದಿತು. ಅವರು ನ್ಯಾಯಾಲಯಕ್ಕೆ ಹೋಗಿ ಅನುಮತಿ ಪಡೆಯಬೇಕಾಯಿತು. ಉತ್ತಮ ಅಂಕಗಳಿಂದ ತೇರ್ಗಡೆಯಾದ ಅವರು ಮುಂದೆ ಅಮೆರಿಕದ ಪ್ರಸಿದ್ಧವಾದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ ಓದಿ, ಸ್ವದೇಶಕ್ಕೆ ಮರಳಿ ಉದ್ಯಮವನ್ನು ಸ್ಥಾಪಿಸಿದರು. ನ್ಯಾಯಾಲಯದ ಮೆಟ್ಟಿಲೇರುವ ಶಕ್ತಿಯಿಲ್ಲದೆ ಹಿಂದೆ ಸರಿದ ಮಕ್ಕಳೆಷ್ಟೋ ಬಲ್ಲವರಾರು?

ದೃಷ್ಟಿಮಾಂದ್ಯವುಳ್ಳ ಮಕ್ಕಳ ಪ್ರಶ್ನೆ ಬೇರೆ. ಇವರಿಗೆ ಅಲ್ಪಸ್ವಲ್ಪ ಕಾಣುತ್ತದೆ. ಅದರಿಂದಲೇ ಇವರ ಕಷ್ಟವು ಇತರರ ಕಣ್ಣಿಗೆ ಬೀಳುವುದಿಲ್ಲ. ದಡ್ಡರೆಂದೋ ಸೋಮಾರಿಗಳೆಂದೋ ಹೆಸರು ಬರುತ್ತದೆ. ಮುಂದಿನ ಸಾಲಿನ ಆಸನ, ದೊಡ್ಡ ಅಕ್ಷರದ ಪುಸ್ತಕ, ಕಿಟಕಿಯ ಬೆಳಕು ಮುಖಕ್ಕೆ ಹೊಡೆಯದಂತಹ ಸ್ಥಳ, ತಕ್ಕ ಕನ್ನಡಕ ಅಥವಾ ಭೂತಗನ್ನಡಿ ಇಷ್ಟರಿಂದಲೇ ಅನೇಕರು ಸುಖವಾಗಿ ಓದಬಲ್ಲರು.

ಪರೀಕ್ಷೆಯಲ್ಲಿ ಲಿಪಿಕಾರರ ಸಹಾಯವನ್ನು ಪಡೆಯಲು ಅವಕಾಶವಿದೆ. ೨೦೧೩ರ ಕೇಂದ್ರ ಸರ್ಕಾರದ ಮಾರ್ಗಸೂಚಿಯು ಗಂಟೆಗೆ ೨೦ ನಿಮಿಷಕ್ಕೆ ಕಡಿಮೆಯಿಲ್ಲದ ಹೆಚ್ಚುವರಿ ಸಮಯವನ್ನು ಹೇಳಿದೆ. ಆದರೆ ವರ್ಷವಿಡೀ ಬರೆಯಲು ಕಲಿಸದೆ ಪರೀಕ್ಷೆಯ ದಿನ ಮಾತ್ರ ಬೇರೊಬ್ಬರ ಕೈಯನ್ನು ಎರವಲು ಕೊಡುವುದು ವಿದ್ಯೆಯ ಕುರುಹಲ್ಲ.

ಕೇಳುವ ಪುಸ್ತಕವೂ ಓದುವ ಪುಸ್ತಕವೂ

ಇತ್ತೀಚಿನ ವರ್ಷಗಳಲ್ಲಿ ಗಣಕಯಂತ್ರವೂ ಮೊಬೈಲ್ ಫೋನೂ ತೆರೆಯ ಮೇಲಿನ ಬರಹವನ್ನು ಕನ್ನಡದಲ್ಲಿಯೂ ಓದಿ ಹೇಳುವಂತಾಗಿದೆ. ಮುದ್ರಿತ ಗ್ರಂಥಗಳನ್ನು ಅಂಧರಿಗೆ ಅನುಕೂಲವಾದ ರೂಪದಲ್ಲಿ ಒದಗಿಸಲು ೨೦೧೩ರಲ್ಲಿ ಮರ್ರಾಕೇಶ್ ಒಡಂಬಡಿಕೆಯಾಯಿತು. ಅದನ್ನು ೨೦೧೪ರಲ್ಲಿ ಎಲ್ಲ ದೇಶಗಳಿಗಿಂತ ಮೊದಲು ಅನುಮೋದಿಸಿದುದು ಭಾರತ. ೨೦೧೬ರಲ್ಲಿ ಸುಗಮ್ಯ ಪುಸ್ತಕಾಲಯವೆಂಬ ಗಣಕ ಗ್ರಂಥಭಂಡಾರವು ತೆರೆಯಿತು. ಒಂದು ಸಾಧಾರಣ ಪಠ್ಯಪುಸ್ತಕವೂ ಬ್ರೈಲಿನಲ್ಲಿ ಹಲವು ದಪ್ಪ ಸಂಪುಟಗಳಾಗುವುದನ್ನು ನೆನೆದರೆ ಈ ಸೌಕರ್ಯದ ಬೆಲೆ ಅರಿವಾಗುತ್ತದೆ.

ಇದರಿಂದ ‘ಇನ್ನು ಬ್ರೈಲ್ ಏತಕ್ಕೆ, ಯಂತ್ರವೇ ಓದುತ್ತದೆಯಲ್ಲ’ ಎಂಬ ಮಾತು ಹುಟ್ಟಿದೆ. ಈ ವಾದವು ಅಪಾಯಕರವಾದುದು. ಶಕಾರ ಷಕಾರಗಳ, ಅಲ್ಪಪ್ರಾಣ ಮಹಾಪ್ರಾಣಗಳ ಭೇದವು ನಿತ್ಯದ ಕನ್ನಡ ಮಾತಿನಲ್ಲಿ ಎಷ್ಟೋ ಕಡೆ ಅಳಿದುಹೋಗಿದೆ. ಕಿವಿಯಿಂದ ಮಾತ್ರ ಕಲಿತವನಿಗೆ ಕಾಗುಣಿತವು ಹೇಗೆ ತಿಳಿಯಬೇಕು? ಸಂಧಿಯಾದ ಪದವನ್ನು ಎಲ್ಲಿ ಬಿಡಿಸಬೇಕು, ವಚನವೊಂದರ ಸಾಲು ಎಲ್ಲಿ ನಿಲ್ಲುತ್ತದೆ ಎಂಬುದೂ ಬರಹದಲ್ಲಿ ಸ್ಪಷ್ಟವಾಗುವಷ್ಟು ಶ್ರವಣದಲ್ಲಿ ಆಗದು. ಒಂದು ವಾಕ್ಯದ ಮೇಲೆ ತಡೆದು, ಹಿಂದಕ್ಕೆ ಹೋಗಿ, ಮತ್ತೊಮ್ಮೆ ತೂಗಿ ನೋಡುವುದೇ ಅಧ್ಯಯನ. ತಾಳೆಗರಿಗಳಲ್ಲಿ ಬರಹವಾಗಿ ಉಳಿದುಬಂದುದರಿಂದಲೇ ಫ. ಗು. ಹಳಕಟ್ಟಿಯವರು ವಚನಗಳನ್ನು ಶೋಧಿಸಿ ೧೯೨೩ರಲ್ಲಿ ವಚನಶಾಸ್ತ್ರಸಾರವನ್ನು ಬೆಳಕಿಗೆ ತರಲು ಸಾಧ್ಯವಾಯಿತು. ಕಣ್ಣುಳ್ಳ ಮಗುವಿಗೆ, ‘ಆಕಾಶವಾಣಿಯಿದೆ, ಅಕ್ಷರ ಬೇಡ’ ಎಂದು ಯಾರೂ ಹೇಳುವುದಿಲ್ಲ. ಕಣ್ಣಿಲ್ಲದ ಮಗುವಿಗೂ ಹೇಳಲಾಗದು. ಯಂತ್ರದ ಧ್ವನಿಯು ಓದಿನ ವಿಸ್ತಾರಕ್ಕೆ, ಬ್ರೈಲ್ ಓದಿನ ಅಡಿಪಾಯಕ್ಕೆ, ಎರಡೂ ಇರತಕ್ಕವು.

ಕರ್ತವ್ಯ

೨೦೨೫ರ ಮಾರ್ಚ್ ೩ರಂದು ಸರ್ವೋಚ್ಚ ನ್ಯಾಯಾಲಯವು, ದೃಷ್ಟಿಹೀನರೆಂಬ ಕಾರಣದಿಂದ ಯಾರನ್ನೂ ನ್ಯಾಯಾಂಗ ಸೇವೆಗೆ ಅನರ್ಹರೆನ್ನಲಾಗದೆಂದು ತೀರ್ಪಿತ್ತಿತು. ನ್ಯಾಯಪೀಠದವರೆಗಿನ ದಾರಿ ಹೀಗೆ ತೆರೆದಿದೆ. ಆ ದಾರಿಯ ಮೊದಲ ಹೆಜ್ಜೆ ಇರುವುದು ಹಳ್ಳಿಯ ಒಂದನೆಯ ತರಗತಿಯಲ್ಲಿ. ಅಲ್ಲಿ ಮಗುವಿನ ಕೈಗೆ ಪಟ್ಟಿಕೆಯೂ ಮೊನೆಯೂ ಬಾರದೆ ಹೋದರೆ ಮೇಲಿನ ತೀರ್ಪುಗಳೂ ಮೀಸಲಾತಿಗಳೂ ಅದಕ್ಕೆ ದೂರದ ಸುದ್ದಿಗಳಾಗಿಯೇ ಉಳಿಯುತ್ತವೆ.

ಕನ್ನಡನಾಡಿನ ಮಠಗಳು ಉಚಿತ ಪ್ರಸಾದನಿಲಯಗಳನ್ನು ನಡೆಸಿ, ಓದುವ ಬಡಮಕ್ಕಳಿಗೆ ಅನ್ನ ಮತ್ತು ಆಶ್ರಯಗಳನ್ನು ಕೊಟ್ಟ ಚರಿತ್ರೆ ದೊಡ್ಡದು. ಅಂಥ ನಿಲಯಗಳಲ್ಲಿ ಒಂದೊಂದು ಕೋಣೆಯು ಬ್ರೈಲ್ ಗ್ರಂಥಗಳಿಗೆ ಮೀಸಲಾದರೆ, ಮಠಗಳ ಶಾಲೆಗಳಲ್ಲಿ ಒಬ್ಬೊಬ್ಬ ಉಪಾಧ್ಯಾಯರಾದರೂ ಆ ಲಿಪಿಯನ್ನು ಕಲಿತರೆ, ಮುದ್ರಿಸುವ ಪುಸ್ತಕಗಳ ಪ್ರತಿಯನ್ನು ಅಂಧರ ಗ್ರಂಥಭಂಡಾರಗಳಿಗೂ ಒದಗಿಸಿದರೆ, ಆ ದಾಸೋಹವು ಇನ್ನಷ್ಟು ಪೂರ್ಣವಾಗುತ್ತದೆ. ಉಪಾಧ್ಯಾಯರ ಪಾಲಿನ ಕೆಲಸವಂತೂ ನಾಳೆಯ ಮೊದಲ ಗಂಟೆಯಿಂದಲೇ ಆರಂಭವಾಗಬಹುದು. ಹಲಗೆಯ ಮೇಲೆ ಬರೆಯುವುದನ್ನು ಗಟ್ಟಿಯಾಗಿ ನುಡಿಯುವುದು. ‘ಇದು’, ‘ಅದು’ ಎನ್ನುವಲ್ಲಿ ಹೆಸರು ಹೇಳುವುದು. ಮಣೆಯ ಕೊನೆಯಲ್ಲಿ ಸುಮ್ಮನೆ ಕುಳಿತ ಮಗುವನ್ನೂ ಉಳಿದವರಂತೆಯೇ ಎಬ್ಬಿಸಿ ಪ್ರಶ್ನೆ ಕೇಳುವುದು. ಉತ್ತರವು ತಪ್ಪಾದರೆ ತಿದ್ದುವುದು. ತಿದ್ದಿಸಿಕೊಳ್ಳುವ ಅವಕಾಶ ದೊರೆತ ದಿನದಿಂದ ಆ ಮಗು ಆ ಶಾಲೆಯ ವಿದ್ಯಾರ್ಥಿಯಾಗುತ್ತದೆ.